ನೆರಳು ಸೇರಿಸಿ ನಾಲ್ಕು ಇಂಚು

ಹೆಂಡತಿಯನ್ನು ಪಕ್ಷಿವೀಕ್ಷಣೆಗೆ ಕರೆದೊಯ್ಯಬಾರದು. ಕಣ್ಣು ಚುರುಕಾಗಿದ್ದವಳನ್ನಂತೂ ಸರ್ವಥಾ ಕೂಡದು. ಈ ಜ್ಞಾನೋದಯ ನನಗಾದದ್ದು ಕಾರ್ತಿಕದ ಒಂದು ಬೆಳಿಗ್ಗೆ, ರಾಯಿಕೋಡ್ ಕೆರೆಯ ಏರಿಯ ಮೇಲೆ.

ಹನ್ನೊಂದು ವರ್ಷ ಅಲ್ಲಿಗೆ ನನ್ನ ಜೊತೆ ಬಂದವನು ಗೆಳೆಯ ಆನಂದಕುಮಾರ ಮಾಸ್ತರ. ಸೈಬೀರಿಯಾದ ಕಡೆಯಿಂದ ಹಾರಿ ಬರುವ ಹಿನ್ನೀರ ಗೊರವವೆಂಬ ಉದ್ದ ಕೊಕ್ಕಿನ ಹಕ್ಕಿಯನ್ನು ವರ್ಷಕ್ಕೊಮ್ಮೆ ನೋಡುವುದು ನಮ್ಮ ವ್ರತ. ಮೊದಲು ಗುರುತಿಸುವವನು ನಾನೇ. (ಈ ಶಾಂತಪ್ಪ ಜಹೀರಾಬಾದಿನಲ್ಲಿ ನೆಲಕ್ಕೆ ಹಾಸುವ ತಾಂಡೂರಿನ ಫರಸಿ ಕಲ್ಲು ಮಾರುವವನು, ಕಣ್ಣಳತೆಯಲ್ಲಿ ಅರ್ಧ ಇಂಚೂ ತಪ್ಪಿದವನಲ್ಲ.) "ಕೊಕ್ಕು ನಾಲ್ಕು ಇಂಚು. ಹಿನ್ನೀರ ಗೊರವ!" ಎಂದು ಘೋಷಿಸಿದರೆ, ಅವನು ದುರ್ಬೀನು ಇಳಿಸಿ, "ಹೌದಪಾ, ಅದೇ" ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಆಮೇಲೆ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ.

ಶ್ರಾವಣದಲ್ಲಿ ಅವನು ತೀರಿಕೊಂಡ. ಅವನ ಹೆಂಡತಿ ರುಕ್ಮಿಣಿಬಾಯಿ ದುರ್ಬೀನನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟರು. ತೆರೆಯುವ ಧೈರ್ಯವಾಗಿರಲಿಲ್ಲ. ಆದರೂ ಈ ವರ್ಷದ ಗೊರವ ಅದರಲ್ಲಿ ದಾಖಲಾಗದೆ ಉಳಿಯಬಾರದೆಂದು ಹೊರಟೆ.

"ಒಬ್ಬರೇ ಹೋಗಿ ಅಳಕೋತ ಕೂಡಬ್ಯಾಡ್ರಿ, ನಾನೂ ಬರ್ತೀನಿ" ಎಂದು ನನ್ನ ಹೆಂಡತಿ ಶಿವಗಂಗಾ ಆಟೋ ಹತ್ತಿದಳು.

ಕೆರೆಯ ನೀರು ಕನ್ನಡಿಯಂತಿತ್ತು. "ಅಗೋ! ನಾಲ್ಕು ಇಂಚು!" ಎಂದೆ.

ಅವಳು ದುರ್ಬೀನು ಕಸಿದುಕೊಂಡಳು. "ಎಲ್ಲಿ ನಾಲ್ಕ್ರಿ? ಎರಡೇ ಐತಿ. ನೀರಾಗಿನ ನೆರಳೂ ಕೂಡಿಸಿ ಅಳದೀರಿ! ಹಿಂಗೇ ಏನು ಮಂದೀಗಿ ಕಲ್ಲು ಮಾರೋದು?"

"ಹನ್ನೊಂದು ವರ್ಷದ ಅನುಭವ ಐತಿ. ಮಾಸ್ತರ ಬರದಿಟ್ಟಾನ, ನೋಡಿಲ್ಲೆ!" ಎಂದು ರೋಷದಿಂದ ನೋಟ್‌ಬುಕ್ ತೆರೆದೆ.

ಮೊದಲ ವರ್ಷ: 'ಹಸಿರು ಕಾಲಿನ ಗೊರವ, ಕೊಕ್ಕು ಎರಡೇ ಇಂಚು. ಶಾಂತಪ್ಪ ನೆರಳು ಸೇರಿಸಿ ಅಳೆದು ಹಿನ್ನೀರ ಗೊರವ ಎಂದ. ಹೌದೆಂದೆ.'

ಎರಡನೆಯ ವರ್ಷ: 'ಅದೇ ಹಕ್ಕಿ. ಅದೇ ನಾಲ್ಕು ಇಂಚು.'

ಹೋದ ವರ್ಷ: 'ನಿಜವಾದ ಹಿನ್ನೀರ ಗೊರವ ಎಡದಂಡೆಯಲ್ಲಿತ್ತು. ತೋರಿಸಲಿಲ್ಲ. ತಪ್ಪು ತಿಳಿದರೆ ನಾಚಿಕೊಂಡು ಮುಂದಿನ ವರ್ಷ ಬರಲಿಕ್ಕಿಲ್ಲ. ಇವನಿಲ್ಲದೆ ನಾನು ಇಲ್ಲಿ ಯಾವ ಹಕ್ಕಿ ನೋಡಲಿ?'

ಶಿವಗಂಗಾ ಇಣುಕಿ ಓದಿದಳು. ಕಿಸಕ್ಕನೆ ನಕ್ಕಳು, ಆಮೇಲೆ ಸೆರಗನ್ನು ಕಣ್ಣಿಗೊತ್ತಿಕೊಂಡಳು. ನಾನು ಎರಡನ್ನೂ ಒಟ್ಟಿಗೇ ಮಾಡಿ ಕೆಮ್ಮಿದೆ.

ಒದ್ದೆ ಕಣ್ಣಿಗೇ ದುರ್ಬೀನು ಹಿಡಿದು ಎಡದಂಡೆ ಹುಡುಕಿದೆ. "ಅಗೋ! ಈ ಸಲ ಖರೇನ ನಾಲ್ಕು ಇಂಚು. ನೆರಳು ಬಿಟ್ಟು!"

ಅವಳು ಬಹಳ ಹೊತ್ತು ನೋಡಿದಳು. ಹಕ್ಕಿಯನ್ನಲ್ಲ, ನನ್ನ ಮುಖವನ್ನು.

"ಹೌದ್ರಿ, ಅದೇ" ಎಂದಳು. ಥೇಟ್ ಮಾಸ್ತರನ ಧಾಟಿ.

ನಾನು ಬರೆದೆ. ರೊಟ್ಟಿ ಗಂಟು ಬಿಚ್ಚುವಷ್ಟರಲ್ಲಿ ಅವಳು ಪೆನ್ನು ತೆಗೆದುಕೊಂಡು ಕೆಳಗೆ ಇನ್ನೇನೋ ಗೀಚಿದಳು.

"ಏನು ಬರದಿ?"

"ಏನಿಲ್ರಿ, ತಾರೀಖು."

ತಾರೀಖು ನಾನಾಗಲೇ ಹಾಕಿದ್ದೆ. ಆ ಪುಟವನ್ನು ಇನ್ನೂ ತೆರೆದು ನೋಡಿಲ್ಲ.