ನರ್ಸಮ್ಮನ ಕೈಯೂ ಒಂದು ದೆವ್ವದ ಸಿನಿಮಾವೂ

ಗಡಿಯಾರ ರಿಪೇರಿಯ ಯಜಮಾನರಿಗೆ ಹೆಂಡತಿಯ ಮೇಲಿದ್ದದ್ದು ಒಂದೇ ಒಂದು ದೂರು. ಆಕೆ ಆಸ್ಪತ್ರೆಯಲ್ಲಿ ನರ್ಸಮ್ಮ. ದಿನಕ್ಕೆ ಅರವತ್ತು ಜನರ ಕೈ ಹಿಡಿದು ನಾಡಿ ನೋಡುತ್ತಾಳೆ, ಸೂಜಿ ಚುಚ್ಚುವಾಗ "ಏನಾಗಲ್ಲ, ಏನಾಗಲ್ಲ" ಎಂದು ಸವರುತ್ತಾಳೆ. ಮನೆಗೆ ಬಂದ ಮೇಲೆ ಕೈಹಿಡಿದ ಗಂಡನ ಕೈ ಮಾತ್ರ ಆಕೆಯ ಕಣ್ಣಿಗೆ ಬೀಳುವುದಿಲ್ಲ. (ಕಾಯಿಲೆಯಾದರೂ ಬರಲಿ ಎಂದರೆ ಯಜಮಾನರದು ಗುಂಡುಕಲ್ಲಿನಂಥ ದೇಹ. ಇಪ್ಪತ್ತೆರಡು ವರ್ಷಕ್ಕೆ ಒಂದು ನೆಗಡಿ, ಅದೂ ಆಕೆ ತವರಿಗೆ ಹೋಗಿದ್ದಾಗ.)

ಹಾಗೆಂದು ಆಕೆ ಎಂದೂ ಹಿಡಿದೇ ಇರಲಿಲ್ಲ ಎಂದಲ್ಲ. ಮದುವೆಯಾದ ಹೊಸತರಲ್ಲಿ, ಆಕೆ ಇನ್ನೂ ನರ್ಸಿಂಗ್ ಓದದಿದ್ದ ಕಾಲದಲ್ಲಿ, ಇಬ್ಬರೂ ಒಂದು ದೆವ್ವದ ಸಿನಿಮಾ ನೋಡಿದ್ದರು. ಪರದೆಯ ಮೇಲೆ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡದ್ದೇ ಆಕೆ ಕಿಟಾರನೆ ಕಿರುಚಿ ಇವರ ತೋಳನ್ನು ಹಿಡಿದವಳು ಮಧ್ಯಂತರದಲ್ಲೂ ಬಿಟ್ಟಿರಲಿಲ್ಲ. ಆ ಐದು ಉಗುರುಗಳ ಗುರುತು ಮಾಯುವವರೆಗೂ ಯಜಮಾನರು ಅಂಗಿಯ ತೋಳು ಮಡಚಿಕೊಂಡೇ ಅಂಗಡಿಯಲ್ಲಿ ಕೂತಿದ್ದರು. ಆ ಹಿಡಿತಕ್ಕೆ ಅವರ ಜೀವ ಇವತ್ತಿಗೂ ಹಂಬಲಿಸುತ್ತದೆ.

ಹೀಗಿರುವಾಗ ಇನ್ನೊಂದು ದೆವ್ವದ ಚಿತ್ರ ಬಂತು. "ಚಿಂತನೆಗೆ ಹಚ್ಚುವ ಚಿತ್ರ, ಅಮೋಘ ಅಭಿನಯ" ಎಂದು ಪೇಪರಿನವರು ಬರೆದಿದ್ದರು. ಯಜಮಾನರಿಗೆ ಚಿಂತನೆಯೂ ಬೇಡ, ಅಮೋಘವೂ ಬೇಡ. ಹೆಂಡತಿ ಹೆದರಿದರೆ ಸಾಕು. ಭಾನುವಾರ ಮಧ್ಯಾಹ್ನದ ಆಟಕ್ಕೆ ಆಕೆಯನ್ನು ಹೊರಡಿಸಿಕೊಂಡು ಹೋಗಿ, ತೋಳನ್ನು ಆಕೆಗೆ ಎಟಕುವಂತೆ ಚಾಚಿ ಕೂತರು.

ಕಥೆ ಇಷ್ಟೇ. ಒಬ್ಬನ ಹೆಂಡತಿ ಸಾಯುತ್ತಾಳೆ, ದೆವ್ವವಾಗಿ ಅದೇ ಮನೆಯಲ್ಲಿ ಬೇಯಿಸಿ ಬಡಿಸುತ್ತಿರುತ್ತಾಳೆ. ಒಂದು ವರ್ಷವಾದರೂ ಗಂಡನಿಗೆ ಅವಳು ಅಲ್ಲೇ ಇರುವುದು ಗೊತ್ತೇ ಆಗುವುದಿಲ್ಲ. ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು.

"ರೀ, ಹೆಣದ ಹೊಟ್ಟೆ ಏರಿಳೀತಿದೆ ನೋಡಿ," ಎಂದಳು ನರ್ಸಮ್ಮ.

"ಸುಮ್ನೆ ನೋಡೇ!"

"ಬೆಳಿಗ್ಗೆ ಸತ್ತೋಳು, ಸಂಜೆ ಹೊತ್ತಿಗೆ ಕತ್ತು ಅಷ್ಟು ಸಲೀಸಾಗಿ ಹೊರಳತ್ತಾ? ಆ ಡಾಕ್ಟರ್ ಪಾತ್ರದೋನು ಸ್ಟೆತಸ್ಕೋಪು ಉಲ್ಟಾ ಹಾಕ್ಕೊಂಡಿದಾನೆ!"

ಮುಂದಿನ ಸಾಲಿನವರು ತಿರುಗಿ ನಕ್ಕರು. ಭಯ ಎನ್ನುವುದು ಆ ಕ್ಷಣವೇ ಥಿಯೇಟರ್ ಬಿಟ್ಟು ಓಡಿಹೋಯಿತು.

ಆದರೆ ದೆವ್ವವಾದ ಆ ನಾಯಕಿಗೆ ಇಡೀ ಚಿತ್ರದಲ್ಲಿ ಒಂದು ಮಾತೂ ಇರಲಿಲ್ಲ. ಗಂಡನ ಹಿಂದೆ ಬಾಗಿಲಲ್ಲಿ ನಿಲ್ಲುವಳು, ಅವನ ಭುಜ ಮುಟ್ಟಲು ಕೈ ಎತ್ತುವಳು, ಇಳಿಸುವಳು. ಮೂರನೆಯ ಸಲ ಕೈ ಇಳಿಸಿದಾಗ ಯಜಮಾನರ ಕಣ್ಣು ತುಂಬಿತು. ವಾಪಸು ಬರುವಾಗ, "ಎಷ್ಟು ಚೆನ್ನಾಗಿ ಮಾಡಿದ್ಲು ಅಲ್ವಾ?" ಎಂದರು.

"ಏನು ಮಹಾ ಮಾಡಿದ್ಲು? ಗಂಡ ಯಾವಾಗ ತಲೆ ಎತ್ತಾನೆ ಅಂತ ಬಾಗಿಲಲ್ಲಿ ಕಾಯೋದೂ ಒಂದು ಅಭಿನಯಾನಾ? ನಾನು ದಿನಾ ಮಾಡ್ತೀನಿ. ನೀವು ಮನೇಲೂ ಕಣ್ಣಿಗೆ ಆ ಗಾಜು ಸಿಕ್ಕಿಸ್ಕೊಂಡು ಯಾರದೋ ವಾಚಿನ ಮುಳ್ಳು ಹುಡುಕ್ತಿರ್ತೀರಿ. ನಿಂತೂ ನಿಂತೂ ಒಳಗೆ ಹೋಗ್ತೀನಿ."

ಯಜಮಾನರೋ, ಕಾದವರು ತಾವೊಬ್ಬರೇ ಎಂದುಕೊಂಡಿದ್ದರು.

ಮನೆಗೆ ಬಂದವರೇ ಕೆಲಸವನ್ನೆಲ್ಲ ಮೂಲೆಗೆ ಸರಿಸಿ ಹೆಂಡತಿಯನ್ನೇ ನೋಡತೊಡಗಿದರು. ಬಟ್ಟೆ ಮಡಚುವಾಗ ನೋಡಿದರು, ತರಕಾರಿ ಹೆಚ್ಚುವಾಗ ಎವೆಯಿಕ್ಕದೆ ನೋಡಿದರು.

"ಏನ್ರೀ ಹಾಗೆ ನೋಡ್ತಿದೀರಾ?"

"ಸುಮ್ನೆ. ನಿನ್ನನ್ನೇ."

ಇಪ್ಪತ್ತೆರಡು ವರ್ಷದಲ್ಲಿ ಕಾಣದ ಲಕ್ಷಣ! ನರ್ಸಮ್ಮ ಚಾಕು ಬಿಸಾಕಿ ಓಡಿಬಂದು ಅವರ ಮಣಿಕಟ್ಟು ಹಿಡಿದಳು. ಯಜಮಾನರ ಎದೆ ಧಸಕ್ಕೆಂದಿತು, ಆಮೇಲೆ ಕುಣಿಯತೊಡಗಿತು.

"ನೂರ ಹನ್ನೆರಡು! ಮಲಗಿ, ಅಲ್ಲಾಡ್ಬೇಡಿ!"

ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿದಳು. ನೂರ ಹದಿನೈದು. ಹಿಂದಿನ ಬೀದಿಯಲ್ಲಿದ್ದ, ಲಾರಿ ಓಡಿಸುವ ತಮ್ಮನನ್ನು ಕರೆಸಿದಳು. "ನಾನು ಡಾಕ್ಟರಿಗೆ ಫೋನ್ ಮಾಡ್ತೀನಿ. ನೀನು ಭಾವನ ನಾಡಿ ಎಣಿಸ್ತಾ ಕೂತಿರು."

ಸ್ಟೇರಿಂಗ್ ತಿರುಗಿಸಿ ದಡ್ಡುಗಟ್ಟಿದ ಆ ಕೈಯೊಳಗೆ ಯಜಮಾನರ ಕೈ ಸೇರಿಕೊಂಡಿತು.

"ಎಪ್ಪತ್ತು, ಅಕ್ಕ."

ನಂಬದೆ ಬಂದು ತಾನೇ ಹಿಡಿದಳು. ನೂರ ಹದಿನಾಲ್ಕು. ತಮ್ಮ ಹಿಡಿದ, ಮತ್ತೆ ಎಪ್ಪತ್ತು. ನರ್ಸಮ್ಮ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಆಕೆಯ ಮುಖ ಬಾಡಿತು.

"ಗೊತ್ತಾಯ್ತು ಬಿಡಿ. ನಾನು ಮುಟ್ಟಿದ್ರೆ ಏರತ್ತೆ. ನನ್ನನ್ನ ಕಂಡ್ರೆ ನಿಮಗೆ ಅಷ್ಟು ಭಯಾನಾ?"

ಭಾವಮೈದ ಎದುರಿಗೇ ಕೂತಿದ್ದಾನೆ, ಕೈ ಬೇರೆ ಹಿಡಿದಿದ್ದಾನೆ. ಆದರೆ ಹೆಂಡತಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ಹೊರಟಾಗಿತ್ತು.

"ಭಯ ಅಲ್ಲ ಕಣೇ, ಆಸೆ!" ಎಂದು ಯಜಮಾನರು ಮಾನ ಮರ್ಯಾದೆ ಬಿಟ್ಟು ಕೂಗಿದರು. "ನೀನು ಕೈ ಹಿಡ್ಕೊಳ್ಳಲಿ ಅಂತಾನೇ ಆ ದರಿದ್ರ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದು!"

ಭಾವಮೈದನಿಗೆ ಇದ್ದಕ್ಕಿದ್ದಂತೆ ಲಾರಿಯ ಟೈರು ನೋಡಬೇಕಾದದ್ದು ನೆನಪಾಗಿ ಅವನು ಎದ್ದು ಹೋದ.

ನರ್ಸಮ್ಮ ಬಂದು ಪಕ್ಕದಲ್ಲಿ ಕೂತಳು. ಈ ಸಲ ಮಣಿಕಟ್ಟನ್ನಲ್ಲ, ಬೆರಳಿಗೆ ಬೆರಳು ಸೇರಿಸಿ ಹಿಡಿದಳು. "ಕೇಳಿದ್ರೆ ಕೊಡ್ತಿರ್ಲಿಲ್ವಾ?" ಎಂದಳು. ಎಷ್ಟೋ ಹೊತ್ತು ಬಿಡಲೇ ಇಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷದ ಹಸಿವು ತೀರಿದಂತೆ ಮನಸ್ಸು ತಣ್ಣಗಾಯಿತು.

ಅಭ್ಯಾಸಬಲ ನೋಡಿ, ನರ್ಸಮ್ಮನ ಬೆರಳುಗಳು ತಮಗೇ ತಿಳಿಯದೆ ಮಣಿಕಟ್ಟಿನತ್ತ ಜಾರಿದ್ದವು, ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಎಪ್ಪತ್ತು," ಎಂದಳು.

"ಹೂಂ," ಎಂದು ಯಜಮಾನರು ಸುಖವಾಗಿ ನಕ್ಕರು.

"ಎಪ್ಪತ್ತೇನಾ? ನನ್ನ ತಮ್ಮ ಹಿಡ್ಕೊಂಡಾಗ್ಲೂ ಎಪ್ಪತ್ತೇ ಇತ್ತು!" ಎಂದವಳೇ ಕೈಯನ್ನು ಹಾಸಿಗೆಯ ಮೇಲೆ ಕುಕ್ಕಿ, ತರಕಾರಿ ಹೆಚ್ಚಲು ಎದ್ದು ಹೋದಳು.