ಗೋಡೆಯಾಚೆ ಉಳಿದ ಗಣಪತಿ

ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳದೆ ನಾನು ಯಾವ ಮಾತನ್ನೂ ಆಡುವವನಲ್ಲ. ಕರಡು ತಿದ್ದುವವನಿಗೆ ಇದು ಒಳ್ಳೆಯ ಗುಣ. ಸಂಸಾರಸ್ಥನಿಗೆ ಅಷ್ಟು ಒಳ್ಳೆಯದಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಕೇಳಿದರೆ, ನಾನು ಇನ್ನೊಂದು ಸಲ ಬಡಿಸಿಕೊಂಡು ಯೋಚಿಸಿ ಉತ್ತರ ಹೇಳುವ ವೇಳೆಗೆ ಅವಳು ಪಾತ್ರೆ ತೊಳೆದು ಬೋರಲು ಹಾಕಿರುತ್ತಾಳೆ. ಇದರಿಂದ ಯಾರಿಗೂ ಕೇಡಿಲ್ಲವೆಂದು ಬಹಳ ಕಾಲ ನಂಬಿದ್ದೆ. ಬಂಗಾರಪೇಟೆಯ ಪ್ರೆಸ್ಸನ್ನು ನೆನೆದಾಗ ಆ ನಂಬಿಕೆ ಸ್ವಲ್ಪ ಅಲುಗಾಡುತ್ತದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಚಿನ್ನದ ಗಣಿಯ ಊರು ಕೋರಮಂಡಲ್‌ನಿಂದ ದಿನವೂ ರೈಲಿನಲ್ಲಿ ಬಂದು ಆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಬೂದಿಕೋಟೆ ಕಡೆಯ ಅಣ್ಣತಮ್ಮಂದಿರ ಪ್ರೆಸ್ಸು. ಅಣ್ಣ ವೆಂಕಟೇಶಪ್ಪನವರು ಒಳಕೋಣೆಯಲ್ಲಿ, ತಮ್ಮ ಮುನಿರಾಜು ಬೀದಿಯ ಕಡೆಯ ಕೋಣೆಯಲ್ಲಿ. ಇಬ್ಬರಿಗೂ ಒಂದೊಂದು ಕಂಪ್ಯೂಟರ್. ನಡುಗೋಡೆಗೆ ತೂತು ಕೊರೆದು ಎರಡಕ್ಕೂ ವೈರು ಎಳೆದಿದ್ದರು. ಲಗ್ನಪತ್ರಿಕೆಯ ಮಾದರಿ, ಅಂಚಿನ ಹೂಬಳ್ಳಿ, ಬಗೆಬಗೆಯ ಗಣಪತಿ, ಎಲ್ಲವೂ ಅಣ್ಣನ ಕಂಪ್ಯೂಟರಿನಲ್ಲಿ. ತಮ್ಮನ ಪರದೆಯಲ್ಲಿ ಅದು ‘ಎಫ್ ಡ್ರೈವ್’ ಎಂಬ ಪುಟ್ಟ ಪೆಟ್ಟಿಗೆಯಾಗಿ ಕಾಣುತ್ತಿತ್ತು. ಒತ್ತಿದರೆ ಒಳಗಿನ ಗಣಪತಿ ಗೋಡೆ ದಾಟಿ ಬರುತ್ತಿದ್ದ. ಗಿರಾಕಿಗಳು ಕೈಮುಗಿಯುವುದೂ ಉಂಟು.

ಕೆಲವು ದಿನ ಬೆಳಿಗ್ಗೆ ಮಾತ್ರ ಮುನಿರಾಜು ಕಂಪ್ಯೂಟರ್ ಹಾಕಿದ ಕೂಡಲೇ ಆ ಪೆಟ್ಟಿಗೆಯ ಮೇಲೆ ಕೆಂಪು ಇಂಟು ಗುರುತು ಬೀಳುತ್ತಿತ್ತು. ಸಂಪರ್ಕ ಇಲ್ಲ ಎಂದರ್ಥ.

"ಮೂರ್ತಿ ಸಾರ್, ಬನ್ನಿ ಇಲ್ಲಿ. ನಮ್ಮಣ್ಣ ಗಣಪತೀನ ಒಳಗೇ ಕೂರಿಸ್ಕೊಂಡವ್ನೆ!"

ಪರದೆಯ ಇಂಗ್ಲಿಷನ್ನು ತಪ್ಪಿಲ್ಲದೆ ಓದುತ್ತೇನೆಂಬ ಕಾರಣಕ್ಕೆ ರಿಪೇರಿಯೂ ನನ್ನ ಪಾಲಿಗೆ ಬಂದಿತ್ತು. ನಾನು ಮೇಜಿನ ಕೆಳಗೆ ನುಸುಳಿ, ವೈರಿನ ತುದಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿ, ಗೋಡೆಯ ತೂತಿನವರೆಗೆ ಉದ್ದಕ್ಕೂ ತಡವಿ, ಹೊರಗೆ ಬಂದು ಕಂಪ್ಯೂಟರನ್ನು ಆರಿಸಿ ಹಾಕಿಸುತ್ತಿದ್ದೆ. ನನ್ನ ನಿಧಾನದಲ್ಲಿ ಇದಕ್ಕೆಲ್ಲ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಆದರೆ ಇಂಟು ಮಾಯವಾಗುತ್ತಿತ್ತು. "ಲೂಸ್ ಕನೆಕ್ಷನ್," ಎಂದು ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಿದ್ದೆ. ಡಾಕ್ಟರಿಗೆ ಕೊಡುವ ಮರ್ಯಾದೆಯಲ್ಲಿ ಕಾಫಿ ಬರುತ್ತಿತ್ತು.

ಒಂದು ದಿನ ಮುನಿರಾಜು ಕೇಳಿದ: "ತಾನಾಗೇ ಲೂಸ್ ಆಯ್ತದಾ ಸಾರ್, ಇಲ್ಲ ಯಾರಾದ್ರೂ ಮಾಡಿದ್ರೆ ಆಯ್ತದಾ?"

"ಎರಡೂ ಸಾಧ್ಯ. ಈ ಕಡೆಯ ತುದಿಯಂತೂ ಗಟ್ಟಿಯಾಗಿದೆ," ಎಂದೆ.

ಮಾತು ನಿಖರವಾಗಿಯೇ ಇತ್ತು. ಆದರೆ ವೈರಿಗೆ ಇರುವುದು ಎರಡೇ ತುದಿ, ಇನ್ನೊಂದು ಅಣ್ಣನ ಕೋಣೆಯಲ್ಲಿ. ಅದೇ ವರ್ಷ ಅವರ ಮನೆಯಲ್ಲಿ ಒಲೆ ಬೇರೆಯಾಗಿತ್ತು. ಪ್ರೆಸ್ಸೊಂದೇ ಇಬ್ಬರನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿತ್ತು. ಮುನಿರಾಜು ಗೋಡೆಯ ತೂತನ್ನೇ ನೋಡಿದ.

ಒಂದು ಶನಿವಾರ ಮತ್ತೆ ಇಂಟು ಬಿದ್ದಿತ್ತು. ರಿಪೇರಿಗೆ ಮುಂಚೆ ಕಾಗದ ತರಲು ಒಳಗೆ ಹೋದೆ. ವೆಂಕಟೇಶಪ್ಪನವರು ಆರಿದ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದರು.

"ಯಾಕೆ, ಕರೆಂಟ್ ಇಲ್ಲವೇ?"

"ರಾಹುಕಾಲ ಓಗ್ಲಿ ಸಾರ್, ಹಾಕ್ತೀನಿ. ಮುನಿಯನ್ ಮುಂದೆ ಅಂದ್ರೆ, ಕಂಪ್ಯೂಟರ್‌ಗೂ ರಾಹು ಹಿಡೀತಾನಾ ಅಂತ ಗಿರಾಕಿಗಳ ಎದುರ್ಗೇ ನಗ್ತಾನೆ."

ಶನಿವಾರದ ರಾಹುಕಾಲ ಅಂಗಡಿ ತೆರೆಯುವ ಹೊತ್ತಿಗೇ ಬರುತ್ತದೆ. ಅದು ಕಳೆದ ಮೇಲೆ ಅವರು ಕೈಮುಗಿದು ಸ್ವಿಚ್ ಹಾಕಿದರು. ನಾನು ಬೀದಿಯ ಕಡೆಯ ಕೋಣೆಗೆ ಬಂದೆ. ಮುನಿರಾಜು ಎದ್ದು ಹೊರಗೆ ಹೋಗಿದ್ದ. ಕೆಂಪು ಇಂಟು ಹಾಗೇ ಇತ್ತು. ಮೇಜಿನ ಕೆಳಗೆ ನುಸುಳದೆ ಅದರ ಮೇಲೇ ಎರಡು ಸಲ ಒತ್ತಿದೆ. ಡ್ರೈವು ತೆರೆಯಿತು. ಇಷ್ಟೇ ಸಂಗತಿ: ತಮ್ಮನ ಕಂಪ್ಯೂಟರ್ ಎದ್ದಾಗ ಒಮ್ಮೆ ಒಳಗಿನದರ ಬಾಗಿಲು ತಟ್ಟುತ್ತದೆ, ಅದಿನ್ನೂ ಎದ್ದಿರದಿದ್ದರೆ ಇಂಟು ಹಾಕಿ ಕೂರುತ್ತದೆ. ಇನ್ನೊಮ್ಮೆ ನಾವೇ ತಟ್ಟಬೇಕು. ನಾನು ವೈರು ತಡವುತ್ತ ಕಳೆದ ಹೊತ್ತಿನಲ್ಲಿ ರಾಹು ತಾನಾಗಿ ಹೋಗುತ್ತಿದ್ದ. ಕಾಫಿ ನನಗೆ ಬರುತ್ತಿತ್ತು.

ಆಗಲೇ ಹೇಳಬಹುದಿತ್ತು. ಆದರೆ ಒಂದು ಸಲ ಕಂಡದ್ದು ಕಾಕತಾಳೀಯವೂ ಆಗಿರಬಹುದಲ್ಲ. ಮುಂದಿನ ಶನಿವಾರ ಇನ್ನೊಮ್ಮೆ ನೋಡಿ, ಇಬ್ಬರನ್ನೂ ಕೂರಿಸಿ ಹೇಳೋಣವೆಂದು ನಿರ್ಧರಿಸಿದೆ.

ಶುಕ್ರವಾರವೇ ಕರೆಂಟು ಹೋಗಿ ಬಂತು. ತಮ್ಮನ ಕಂಪ್ಯೂಟರ್ ಮೊದಲು ಎದ್ದಿತು; ಇಂಟು ಬಿತ್ತು. ಒಳಗಿನದು ಎದ್ದಿತೋ ಇಲ್ಲವೋ ಎಂದು ನಾನು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ, ಬೇತಮಂಗಲದಿಂದ ಲಗ್ನಪತ್ರಿಕೆಗೆ ಬಂದಿದ್ದವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬೇರೆ ಪ್ರೆಸ್ಸಿಗೆ ನಡೆದರು. ಮುನಿರಾಜು ಒಳಗೆ ನುಗ್ಗಿದ. ಹಿಂದೆ ನಾನು.

"ನನ್ ಅನ್ನಕ್ ಯಾಕಣ್ಣಾ ಕಲ್ಲಾಕ್ತೀಯಾ? ವೈರ್ ಯಾಕ್ ಕೀಳ್ತೀಯಾ?"

"ಲೇ, ನಾನ್ಯಾಕ್ಲಾ ಕೀಳ್ಲಿ?"

"ನೀನಲ್ದೆ ಇಲಿ ಕಿತ್ತದಾ? ಈ ಕಡೆ ಗಟ್ಟಿಗೈತೆ ಅಂತ ಮೂರ್ತಿ ಸಾರೇ ಯೋಳವ್ರೆ!"

ವೆಂಕಟೇಶಪ್ಪನವರು ನನ್ನತ್ತ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ನಾನು ಗಂಟಲು ಸರಿಮಾಡಿಕೊಂಡು, "ಒಂದು ನಿಮಿಷ, ನಾಳೆ ಒಂದು ದಿನ ನೋಡಿ..." ಎಂದೆ.

"ಇವತ್ತಿನವರ್ಗೂ ಮುಟ್ಟಿರ್ಲಿಲ್ಲ ಕಣ್ಲಾ," ಎಂದು ಅವರು ತಮ್ಮನಿಗೆ ಹೇಳಿದರು. "ಕಿತ್ತೆ ಕಿತ್ತೆ ಅಂತೀಯಲ್ಲಾ, ಈಗ ಕೀಳ್ತೀನಿ ನೋಡು."

ಬಗ್ಗಿ ಎರಡೂ ಕೈಯಲ್ಲಿ ವೈರನ್ನು ಎಳೆದರು. ತಮ್ಮನ ಕಡೆಯ ತುದಿ ಕಿತ್ತುಕೊಂಡು ತೂತಿನೊಳಗಿಂದ ಸರಸರನೆ ಬಂದು ಅವರ ಕಾಲಬಳಿ ಬಿತ್ತು.

ರಾಹುಕಾಲದ ವಿಷಯ ಆಮೇಲೆ ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ಅಣ್ಣ, "ಅದಿರ್ಲಿ ಬಿಡಿ ಸಾರ್, ನನ್ ಮೇಲೆ ಅನುಮಾನ ಪಟ್ನಲ್ಲ," ಎಂದರು. ತಮ್ಮ, "ಕಣ್ಣೆದುರ್ಗೇ ಕಿತ್ನಲ್ಲ ಸಾರ್," ಎಂದ. ತೂತಿಗೆ ಸಿಮೆಂಟು ಬಿತ್ತು. ಅಣ್ಣ ಹಿಂದಿನ ಬೀದಿಗೆ ಬಾಗಿಲು ಇಟ್ಟು ಬೇರೆ ಬೋರ್ಡು ಹಾಕಿದರು.

ನನ್ನ ಕೆಲಸ ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಅಣ್ಣನಲ್ಲಿ, ಮಧ್ಯಾಹ್ನ ತಮ್ಮನಲ್ಲಿ ಕರಡು ತಿದ್ದುತ್ತಿದ್ದೆ. ಹೊಸ ಗಣಪತಿ ಬೇಕಾದರೆ ಫ್ಲಾಪಿಯಲ್ಲಿ ಹಾಕಿಕೊಂಡು, ಬೀದಿ ಸುತ್ತಿ, ಬಿಸಿಲಿನಲ್ಲಿ ನಾನೇ ಹೊತ್ತು ತರುತ್ತಿದ್ದೆ. ಒಂದು ಮಧ್ಯಾಹ್ನ ಮುನಿರಾಜು ಫ್ಲಾಪಿ ತೆಗೆದುಕೊಳ್ಳುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದ:

"ಸಾರ್, ನಮ್ಮಣ್ಣ ಏನಾದ್ರೂ ನನ್ ವಿಷ್ಯ ಕೇಳ್ತಾನಾ?"

ಅಂದು ಬೆಳಿಗ್ಗೆಯಷ್ಟೇ ಅವರು, "ಮುನಿಯ ಹೊತ್ಗೆ ಸರಿಯಾಗ್ ಉಣ್ತಾನಾ?" ಎಂದು ಗೊಣಗಿದಂತೆ ಕೇಳಿಸಿತ್ತು. ಆದರೆ ಯಂತ್ರದ ಸದ್ದಿತ್ತು. ನನಗೆ ಪೂರ್ತಿ ಖಾತ್ರಿಯಿರಲಿಲ್ಲ.

"ನಾಳೆ ಇನ್ನೊಂದ್ಸಲ ಸರಿಯಾಗಿ ಕೇಳಿಸಿಕೊಂಡು ಬಂದು ಹೇಳ್ತೀನಿ," ಎಂದೆ.