ಕುರಡಗಿ ಕಾವಲು

ಬಸವಣಪ್ಪನವರ ಫಜೀತಿಗೆ ಮೂಲ ಕಾರಣ ಅರ್ಧ ಒಣಗಿದ ಕುರಡಗಿ. ಪೂರ್ತಿ ಒಣಗಿದ ಕುರಡಗಿಯನ್ನು ಕರಿದು ತಿನ್ನಬೇಕು, ಅದಕ್ಕೆ ಹೆಂಡತಿಯ ಅಪ್ಪಣೆ ಬೇಕು. ಅರ್ಧ ಒಣಗಿದ್ದಕ್ಕೆ ತುಸು ಎಣ್ಣೆ-ಖಾರ ಸವರಿದರೆ ಸಾಕು, ಯಾರ ಅಪ್ಪಣೆಯೂ ಬೇಡ.

ಹೋಳಿ ಮುಗಿದಿತ್ತು. ಬಸವಕಲ್ಯಾಣದ ಆ ಓಣಿಯಲ್ಲಿ ಕುರಡಗಿಗೆ ದಿನಕ್ಕೊಂದು ಮನೆಯ ಪಾಳಿ. ನೆನೆಸಿದ ಗೋಧಿಯ ಹಾಲು ತೆಗೆದು, ನಸುಕಿನಲ್ಲಿ ಕುದಿಸಿ, ಓಣಿಯ ಹೆಂಗಸರೆಲ್ಲ ಸೇರಿ ಶ್ಯಾವಿಗೆ ಅಚ್ಚಿನಲ್ಲಿ ಒತ್ತಿ ಮಾಳಿಗೆಯ ಮೇಲೆ ಸಂಡಿಗೆಯಂತೆ ಹರವುತ್ತಿದ್ದರು. ಬುಧವಾರ ಬಸವಣಪ್ಪನವರ ಮನೆಯ ಪಾಳಿ. ಸಾಲದ್ದಕ್ಕೆ ಭಾನುವಾರವೇ ಬಸುರಿ ಮಗಳು ಪೂನಂಳ ಕುಬಸ. ಹುಮನಾಬಾದ ದಾಟಿ ಹುಡಗಿ ಗ್ರಾಮದ ಬೀಗರ ಮನೆಗೆ ಸೀರೆ, ಹಣ್ಣಿನ ಜೊತೆ ಐವತ್ತೊಂದು ಕುರಡಗಿಯೂ ಹೋಗಬೇಕಿತ್ತು.

"ನಮ್ಮ ಬೀಗ್ತಿ ಶೇವಂತಾಬಾಯಿ ಒಂದೊಂದ ಮುಟ್ಟಿ ಎಣಿಸ್ತಾರ," ಎಂದು ಹೆಂಡತಿ ಶಕುಂತಲಾಬಾಯಿ ಗಂಡನ ಕೈಗೆ ಕೋಲು ಕೊಟ್ಟರು. "ಒಂದ ಕಡಿಮಿ ಆದ್ರೂ ನೀವು ಕುಬಸಕ್ಕ ಬರೂದಿಲ್ಲ, ಮನಿ ಕಾಯ್ಕೋತ ಕೂಡ್ರಿ. ಹೋದ ವರ್ಷದಾಂಗ ಕಾಗಿ ಹೆಸರ ಹೇಳಬ್ಯಾಡ್ರಿ. ಕಾಗಿ ಎಣ್ಣಿ-ಖಾರ ಹಚ್ಚಿಕೊಂಡು ತಿಂತಾವೇನು?"

ಬಸವಣಪ್ಪನವರು ಸ್ಟೇಶನರಿ ಅಂಗಡಿಗೆ ಬೀಗ ಹಾಕಿ ಮಾಳಿಗೆ ಹತ್ತಿದರು. ಸಂಕ್ರಾಂತಿಯ ನಂತರ ಮಗಳ ಮುಖ ನೋಡಿರಲಿಲ್ಲ, ಹೋಗಲೇಬೇಕಿತ್ತು. ಬೀಗರ ಮನೆಯ ಹೋಳಿಗೆಯ ಆಸೆಯೂ ಸಣ್ಣದೇನಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಕುರಡಗಿಯ ಅಂಚು ಮುರಿದದ್ದು ಕಣ್ಣಿಗೆ ಬಿತ್ತು. ಮುರಿದದ್ದನ್ನು ಬೀಗರಿಗೆ ಒಯ್ಯುವುದು ಮರ್ಯಾದೆಯೇ? ತಿಂದರು. ಸಾಲಿನಲ್ಲಿ ಜಾಗ ಖಾಲಿ ಕಾಣಿಸಿತು. ಸಾಲು ಸರಿಮಾಡಲು ಪಕ್ಕದ್ದನ್ನೂ ತಿಂದರು.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಮಕ್ಬೂಲ್ ಮೊಳಕಾಲೆತ್ತರದ ಗೋಡೆ ದಾಟಿ ಬಂದರು.

"ಏನ್ ಮಾಡಾಕತ್ತೀರಿ ಅಣ್ಣಾರ?"

"ಕಾವಲ ಕಾಯಾಕತ್ತೇನಿ."

"ಮತ್ತ ಬಾಯಿ ಯಾಕ ಅಳ್ಳಾಡಾಕತ್ತದ?"

"ಜಪಾ ಮಾಡಾಕತ್ತೇನ್ರಿ."

ಮಕ್ಬೂಲ್ ಮನೆಗೆ ಹೋಗಿ ಎಣ್ಣೆ, ಖಾರದಪುಡಿ ತಂದು ತಾವೂ ಜಪಕ್ಕೆ ಕೂತರು. ಜಪ ಮುಗಿದು ಎಣಿಸಿದಾಗ ಇಪ್ಪತ್ತೊಂಬತ್ತು ಉಳಿದಿದ್ದವು. ಬಸವಣಪ್ಪನವರು ಇನ್ನೊಮ್ಮೆ ಎಣಿಸಿದರು, ಅಷ್ಟೇ ಇದ್ದವು.

"ಫಿಕರ್ ಮಾಡಬ್ಯಾಡ್ರಿ," ಎಂದರು ಮಕ್ಬೂಲ್. "ನಮ್ಮಾಕಿನೂ ನಮ್ಮ ಮಾಳಗಿ ಮ್ಯಾಲ ಹರವ್ಯಾಳ. ನಮ್ಮವೇ ಅದಾವ, ಬೇಕಾದಷ್ಟ ತಗೋರಿ."

ಇಬ್ಬರೂ ಗೋಡೆ ದಾಟಿದರು. ಒಯ್ಯುವ ಮೊದಲು ರುಚಿ ನೋಡಬೇಕಲ್ಲ? ನೋಡಿದರು. ಅವಕ್ಕೆ ಜೀರಿಗೆ ಬಿದ್ದಿತ್ತು, ಬಾಯಲ್ಲಿಟ್ಟರೆ ಕರಗುತ್ತಿತ್ತು. ರುಚಿ ನೋಡುವುದರಲ್ಲೇ ಒಂಬತ್ತು ಖರ್ಚಾದವು. ಆಮೇಲೆ ಇಪ್ಪತ್ತೆರಡನ್ನು ಪರಾತದಲ್ಲಿಟ್ಟು ತಂದು, ತಮ್ಮ ಸಾಲುಗಳ ನಡುವೆ ಜೋಡಿಸಿದರು. ಲೆಕ್ಕ ಐವತ್ತೊಂದಕ್ಕೆ ಸರಿಹೋಯಿತು.

"ಏನರ ಅನ್ರಿ, ಅಸ್ಗರಿ ಭಾಬಿ ಕೈರುಚಿನೇ ಬ್ಯಾರೆ," ಎಂದು ಬಸವಣಪ್ಪನವರು ಬೆರಳು ಚೀಪಿದರು. "ನಮ್ಮಾಕಿ ಅವ್ರ ಕಡಿಂದ ಕಲೀಬೇಕು."

"ಏನ ಕಲೀಬೇಕ್ರಿ?"

ಮೆಟ್ಟಿಲ ಮೇಲೆ ಶಕುಂತಲಾಬಾಯಿ ನಿಂತಿದ್ದರು, ಅವರ ಹಿಂದೆ ಮಕ್ಬೂಲರ ಹೆಂಡತಿ ಅಸ್ಗರಿ.

"ಎಣಿಸಿ ನೋಡು, ಐವತ್ತೊಂದ ಅದಾವ!" ಎಂದು ಬಸವಣಪ್ಪನವರು ಎದೆಯುಬ್ಬಿಸಿದರು.

ಶಕುಂತಲಾಬಾಯಿ ಎಣಿಸಲಿಲ್ಲ. ಬಗ್ಗಿ ಒಂದನ್ನೆತ್ತಿ ಬಿಸಿಲಿಗೆ ಹಿಡಿದರು. "ಇದರಾಗ ಜೀರಗಿ ಅದ. ನಾ ಇಲ್ಲಿ ಹರವಿದವಕ್ಕ ಜೀರಗಿ ಹಾಕಿಲ್ಲ."

ಅಸ್ಗರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಭಾಯಿ, ನಮ್ಮ ಮಾಳಗಿ ಮ್ಯಾಲಿನವು ನಮ್ಮವಲ್ರಿ. ನಮ್ಮ ಪಾಳಿ ಇರೂದು ಶನಿವಾರ."

ಮಕ್ಬೂಲ್ ಆಕಾಶ ನೋಡತೊಡಗಿದರು.

"ಬೀಗರಿಗಿ ಒಯ್ಯೋವು ಅಲ್ಲಿದ್ವು," ಎಂದರು ಶಕುಂತಲಾಬಾಯಿ. "ನಿಮ್ಮಿಂದ ಉಳೀಲಿ ಅಂತ ಭಾಬಿ ಕಡೆ ಹರವಿದ್ದೆ. ಇವು ನೀವು ತಿನ್ನಲಿ ಅಂತನ ಮಾಡಿದ್ವು. ತಿನ್ನೂದ ಬಿಟ್ಟು ಅವನ್ನ ತಂದು ಇಲ್ಲಿ ತುಂಬೀರಿ!"

ಬಸವಣಪ್ಪನವರಿಗೆ ಒಂದು ದಾರಿ ಹೊಳೆಯಿತು. "ಹಂಗಾರ ನಾ ಹೊಗಳಿದ್ದು ನಿನ್ನ ಕೈರುಚಿನ!"

ಶಕುಂತಲಾಬಾಯಿಯ ಮುಖ ಅರಳಿತು. "ಮೂವತ್ತ ವರ್ಷದಾಗ ಇದ ಮೊದಲನೇ ಸಲ ನೋಡ್ರಿ. ಭಾಳ ಖುಷಿ ಆತು. ಆದ್ರ ಒಂಬತ್ತ ಕಡಿಮಿ ಅದಾವ."

ಭಾನುವಾರ ಬೆಳಿಗ್ಗೆ ಬಾಗಿಲಿಗೆ ಜೀಪು ಬಂತು. ಒಂಬತ್ತರ ಕೊರತೆಯನ್ನು ಜೀರಿಗೆಯಿಲ್ಲದವು ತುಂಬಿದ್ದವು. ಬಸವಣಪ್ಪನವರಿಗೆಂದಿದ್ದ ಮುಂದಿನ ಸೀಟನ್ನು ಗರಿಗರಿ ಜುಬ್ಬಾ ತೊಟ್ಟ ಮಕ್ಬೂಲ್ ತುಂಬಿದ್ದರು.

"ಮಾರಿ ಸಣ್ಣ ಮಾಡಬ್ಯಾಡ್ರಿ," ಎಂದರು ಶಕುಂತಲಾಬಾಯಿ. "ಸಂಜಿಗಿ ಪೂನಂನ ತವರಿಗಿ ಕರಕೊಂಡ ಬರ್ತೀವಿ. ನಿಮ್ಮ ಪಾಲಿನ ಹೋಳಿಗಿನೂ ತರ್ತೀನಿ."

ಬಸವಣಪ್ಪನವರ ಮುಖ ಆಗಲೇ ಅರ್ಧ ಅರಳಿತ್ತು. ಜೀಪು ಹತ್ತಲು ಬಂದ ಅಸ್ಗರಿ ಬಸವಣಪ್ಪನವರ ಕೈಗೆ ಕೋಲು ಕೊಟ್ಟರು.

"ಭಾಯಿ, ನಿನ್ನೆ ನಮ್ಮ ಪಾಳಿ ಇತ್ತಲ್ಲ. ಮಾಳಗಿ ಮ್ಯಾಲ ಅರ್ಧ ಒಣಗ್ಯಾವ. ನಾವು ಬರೂತನಕಾ ಜರಾ ನೋಡ್ಕೊಳ್ರಿ. ನೂರಾ ಇಪ್ಪತ್ತ ಅದಾವ, ಎಣಿಸೀನಿ."